ಎಡಗಡೆ ಕೂತ ಮೈದುನ

ಗಂಡ ತನ್ನ ಮಾತಿಗೆ ಉತ್ತರ ಕೊಡದಿದ್ದರೆ ಅದು ರೋಗವೆಂದು ಯಾವ ಹೆಂಡತಿಗೂ ಹೊಳೆಯುವುದಿಲ್ಲ. ನಮ್ಮ ಬನಹಟ್ಟಿಯಲ್ಲಂತೂ ಇಲ್ಲವೇ ಇಲ್ಲ. ದಿನವಿಡೀ ಪವರ್‌ಲೂಮಿನ ಸಪ್ಪಳದಲ್ಲಿರುವ ಗಂಡಸರಿಗೆ ಹೆಂಡತಿಯ ದನಿಯೊಂದು ಮಾತ್ರ ಕೇಳುವುದಿಲ್ಲ. ಓಣಿಯ ತುದಿಯಿಂದ ಯಾರಾದರೂ ಇಸ್ಪೀಟಿಗೆ ಕರೆದರೆ ಕೇಳುತ್ತದೆ. ಹೀಗಾಗಿ ಲಕ್ವಾ ಹೊಡೆದು ಬಾಯಿ ಸೊಟ್ಟಾಗಿ, ಎಡಗೈ ಬಿದ್ದ ನಮ್ಮ ಯಜಮಾನರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಮಂಚದ ಎಡಕ್ಕೆ ಕೂತು ನಾನಾಡಿದ ಯಾವ ಮಾತಿಗೂ ಓಗೊಡದಿದ್ದಾಗ, ಗುಣವಾಗುತ್ತಿದ್ದಾರೆಂದೇ ತಿಳಿದೆ.

ಸಂಶಯ ಬಂದದ್ದು ಊಟದ ತಾಟಿನಿಂದ. ಬಲಗಡೆಯ ರೊಟ್ಟಿ, ಪಲ್ಯ ಖಾಲಿ. ಎಡಗಡೆಯ ಚಟ್ನಿ, ಮೊಸರು ಇದ್ದ ಹಾಗೇ. "ಚಟ್ನಿ ಹಾಕೇ ಇಲ್ಲಲ್ಲ ನೀ!" ಎಂದು ನನ್ನ ಮೇಲೆ ಹರಿಹಾಯ್ದರು. ತಾಟು ತಿರುಗಿಸಿ ಇಟ್ಟೆ. "ಈಗ ನೆನಪಾತೇನು?" ಎನ್ನುತ್ತ ತಿಂದರು.

ಜಮಖಂಡಿಯ ಡಾಕ್ಟರು ಹಾಳೆಯ ಮೇಲೆ ಮಿದುಳು ಬರೆದು, ಕಾಲುವೆಗಳ ಹಾಗೆ ರಕ್ತನಾಳಗಳನ್ನು ಎಳೆದರು. "ನೋಡ್ರಿ ಅಕ್ಕಾರ, ಮುಂದಿನ ನಾಳ ಕಟ್ಟಿದ್ರ ಕಾಲಿಗೆ ಪೆಟ್ಟು ಹೆಚ್ಚು. ಹಿಂದಿಂದು ಕಟ್ಟಿದ್ರ ಅರ್ಧ ದೃಷ್ಟಿ ಹೋಗ್ತೈತಿ. ನಡುವಿಂದು ಎಡಕ್ಕ ಕಟ್ಟಿದ್ರ ಮಾತಿಗೇ ಸಂಚಕಾರ. ಇವರಿಗೆ ನಡುವಿಂದೇ, ಬಲಕ್ಕ ಕಟ್ಟೈತಿ. ಕಣ್ಣು, ಕಿವಿ ಛಲೋ ಅದಾವ. ಎಡಗಡೆ ಲಕ್ಷ್ಯನ ಹೋಗೂದಿಲ್ಲ."

ಮಾತಾದರೂ ಉಳಿಯಿತಲ್ಲ ಎಂದುಕೊಂಡೆ. ಉಳಿದ ಮಾತೆಲ್ಲ ನನ್ನನ್ನು ಬೈಯಲಿಕ್ಕೇ ಬೇಕಾಯಿತು. ಮದುವೆಯಲ್ಲಿ ನನ್ನನ್ನು ಅವರ ಎಡಕ್ಕೆ ಕೂರಿಸಿದ ಹಿರಿಯರಿಗೆ ಈ ನಾಳಗಳ ವಿಚಾರ ಗೊತ್ತಿರಲಿಲ್ಲ. ಅಂದಿನಿಂದ ಬಲಗಡೆ ಸ್ಟೂಲು ಹಾಕಿಕೊಂಡು ಕೂತೆ. ಅವರು ನನ್ನ ಮುಖ ನೋಡಿ ಮಾತಾಡತೊಡಗಿದರು. ಇದು ನನಗೆ ಹೊಸದು.

ಹಾಗಿರುವಾಗ ಮೈದುನ ಮಲ್ಲಪ್ಪ ತೇರದಾಳದಿಂದ ಬಂದ. ಮಗ್ಗದ ಶೆಡ್ಡು ಪಾಲಾದಾಗ ಜಗಳವಾಡಿ ಹೋದವನು, ಅಣ್ಣನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದವನು. ನಾನು ಒಳಗಿದ್ದೆ. ಅವನು ಎಡಗಡೆಯ ಕುರ್ಚಿಯಲ್ಲಿ ಕೂತು, "ಅಣ್ಣಾ, ನಂದ ತಪ್ಪಾತು," ಎಂದು ಅತ್ತುಬಿಟ್ಟ. ಅಳು ಕೇಳಿ ನಾನು ಹೊರಗೆ ಬಂದರೆ, ಇವರು ಬಲಗಡೆಯ ಗೋಡೆ ನೋಡುತ್ತ ಆಕಳಿಸುತ್ತಿದ್ದರು.

ಮಲ್ಲಪ್ಪ ಧಡಕ್ಕನೆ ಎದ್ದ. "ನೋಡ್ರಿ ವೈನಿ, ಹಾಸಿಗಿ ಹಿಡದ್ರೂ ಸೊಕ್ಕು ಇಳದಿಲ್ಲ."

"ಸೊಕ್ಕಲ್ಲೋ ಮಾರಾಯಾ, ಮಿದುಳಾಗ ನಾಳ ಕಟ್ಟೈತಿ!"

"ನನ್ನ ಮಾತಿಗೆ ಅಷ್ಟ ಕಟ್ಟೈತೇನ್ರಿ?"

ಬಾಗಿಲು ದಾಟುತ್ತಿದ್ದವನ ಅಂಗಿ ಹಿಡಿದು ಜಗ್ಗಿ, ನನ್ನ ಸ್ಟೂಲಿನ ಮೇಲೆ ಕುಕ್ಕಿದೆ.

"ಲೇ ತಮ್ಮಾ! ಯಾವಾಗ ಬಂದಿ?" ಇವರು ಅವನತ್ತ ವಾಲಿದರು. ಬಲಗೈಯಿಂದ ಅವನ ಕೊರಳು ತಬ್ಬಿದರು. ಇಬ್ಬರೂ ಹುಡುಗರ ಹಾಗೆ ಅತ್ತರು. ಎಡಗಡೆಯ ಕುರ್ಚಿ ಹಿಡಿದು ನಿಂತು ನಾನೂ ಅತ್ತೆ.

ಕಣ್ಣೊರೆಸಿಕೊಂಡು ಇವರು ತಮ್ಮನಿಗೆ ಹೇಳಿದರು: "ನಿಮ್ಮ ವೈನಿ ಎಲ್ಲಿ ಹೋದ್ಲು ನೋಡು. ಮಂದಿ ಬಂದಾಗ ಮನ್ಯಾಗ ಇರೂದಿಲ್ಲ ಇಕಿ."

ಮಲ್ಲಪ್ಪ ಗಾಬರಿಯಿಂದ ನನ್ನತ್ತ ನೋಡಿದ. ಸುಮ್ಮನಿರು ಎಂದು ಸನ್ನೆ ಮಾಡಿ ಒಳಗೆ ಹೋದೆ. ಅದೇ ಸ್ಟೂಲಿನ ಮೇಲೆ ಇಷ್ಟು ದಿನ ಕೂತ ನನ್ನನ್ನು ನೋಡಿ ಅವರು ಒಮ್ಮೆಯೂ ಅತ್ತಿರಲಿಲ್ಲ.

ಚಹಾ ಮಾಡಿ ತಂದೆ. ಮೈದುನನದನ್ನು ಅವನ ಕೈಗೇ ಕೊಟ್ಟೆ. ಇವರದನ್ನು ಮಾತ್ರ, ಯಾಕೋ, ಎಡಗಡೆಗೆ ಇಟ್ಟೆ.