ಕೊಯ್ಯಬಾರದ ಕೊಯ್ ಮೀನು

ಭಾಸ್ಕರನ ಸಂಸಾರದಲ್ಲಿ ಈವರೆಗೆ ನಡೆದ ಅನಾಹುತಗಳಲ್ಲಿ ಮುಕ್ಕಾಲು ಪಾಲು ಅವನ ಬಾಯಿಂದಲೇ ಹುಟ್ಟಿದವು ಎಂಬುದು ಅವನ ಹೆಂಡತಿ ಶರ್ಮಿಳಾಳ ಖಚಿತ ಅಭಿಪ್ರಾಯ. ಉಳಿದ ಕಾಲು ಪಾಲು ಎಲ್ಲಿಂದ ಬಂದವು ಎಂದು ಕೇಳಿದರೆ, ಬಾಯಿ ತುಂಬಿದ್ದಾಗ ಅವನು ತಲೆಯಾಡಿಸಿದ್ದರಿಂದ ಎನ್ನುತ್ತಾಳೆ.

ಮೀನಿನ ಪ್ರಕರಣ ಮಾತ್ರ ಬಾಯಿಯದೇ. ಶರ್ಮಿಳಾಳ ತಂಗಿ ಮಾಲಿನಿ ಓಂ ಬೀಚಿನ ಹತ್ತಿರ ಗೆಸ್ಟ್‌ಹೌಸ್ ನಡೆಸುತ್ತಾಳೆ. ಅದರ ಅಂಗಳದಲ್ಲಿ ಒಂದು ಕೊಳ, ಕೊಳದಲ್ಲಿ ಕೆಂಪು, ಬಿಳಿ, ಕಿತ್ತಳೆ ಬಣ್ಣದ ಕೊಯ್ ಮೀನುಗಳು. ಕೊಳದ ತಳ ಬಿರುಕು ಬಿಟ್ಟು ನೀರು ನಿಲ್ಲುತ್ತಿಲ್ಲ, ರಿಪೇರಿ ಮುಗಿಯುವವರೆಗೆ ಮೀನುಗಳನ್ನು ಎಲ್ಲಿಡುವುದೋ ತಿಳಿಯುತ್ತಿಲ್ಲ ಎಂದು ಕುಮಟಾದ ಒಂದು ಮದುವೆ ಊಟದಲ್ಲಿ ಅವಳು ಅಲವತ್ತುಕೊಂಡಳು.

ಎದುರಿನ ಪಂಕ್ತಿಯಲ್ಲಿದ್ದ ಭಾಸ್ಕರ ಜಿಲೇಬಿ ನುಂಗಿ ಗಂಟಲು ಸರಿಮಾಡಿಕೊಂಡ. "ಮೀನಿನ ವಿಷ್ಯಕ್ಕೆ ಎಂತಕ್ಕೆ ತಲೆಬಿಸಿ ಮಾಡ್ಕಂತೆ ಮಾಲಿನಿ? ನಾವು ಕಡಲ ಮಕ್ಕಳು. ನಮ್ಮ ಹಿತ್ತಲ ಶೆಡ್ಡಲ್ಲಿ ಇಟ್ರಾತು."

(ಈ ಕಡಲ ಮಗ ಭಟ್ಕಳದ ಒಂದು ಕಾಲೇಜಿನ ಆಫೀಸಿನಲ್ಲಿ ಸೂಪರಿಂಟೆಂಡೆಂಟ್. ದೋಣಿ ಹತ್ತಿದ್ದು ಜನ್ಮದಲ್ಲಿ ಒಮ್ಮೆ. ಆಗ ದೋಣಿ ದಡಕ್ಕೇ ಕಟ್ಟಿತ್ತು, ಆದರೂ ಇವನಿಗೆ ವಾಂತಿಯಾಗಿತ್ತು.)

ಶರ್ಮಿಳಾ ಮೇಜಿನ ಕೆಳಗಿಂದ ಅವನ ಕಾಲು ತುಳಿದಳು. ತುಳಿದದ್ದು ಪಕ್ಕದವರ ಕಾಲೆಂದು ಆಮೇಲೆ ತಿಳಿಯಿತು.

ಮಾವಳ್ಳಿಗೆ ಮರಳಿದ ಭಾಸ್ಕರ ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿ ನೋಡಿ ಮತ್ಸ್ಯಶಾಸ್ತ್ರಪಾರಂಗತನಾದ. ಬಯಲಲ್ಲಿಟ್ಟರೆ ಹದ್ದು, ಕಾಗೆ, ಬೆಕ್ಕುಗಳ ಕಾಟ. ಆದ್ದರಿಂದ ಶೆಡ್ಡಿನ ಒಳಗೇ 'ತಾತ್ಕಾಲಿಕ ಒಳಾಂಗಣ ಸರೋವರ' ನಿರ್ಮಾಣವಾಗತಕ್ಕದ್ದು ಎಂದು ಘೋಷಿಸಿದ. ಜಿಂಕ್ ಶೀಟಿನ ಆ ಶೆಡ್ಡಿನಲ್ಲಿ ತೀರಿಹೋದ ಅಪ್ಪನ ಬಲೆಗಳು, ಸೌದೆ, ತೆಂಗಿನಕಾಯಿ ಮತ್ತು ಅವನ ತಾಯಿ ಮಂಜಿಯ ಒಣಮೀನಿನ ಬುಟ್ಟಿ ಇದ್ದವು. ಅವನ್ನೆಲ್ಲ ಒಂದು ಮೂಲೆಗೆ ತಳ್ಳಿ, ಚಿರೆಕಲ್ಲುಗಳನ್ನು ಚೌಕವಾಗಿ ಪೇರಿಸಿ, ಒಳಗೆ ನೀಲಿ ಟಾರ್ಪಾಲು ಹಾಸಿದ. ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆಂದು ಬಾವಿಯ ಪಂಪಿನಿಂದಲೇ ನೀರು ಬಿಟ್ಟ.

"ಕಲ್ಲಿಗೆ ಸಿಮೆಂಟು ಹಾಕ್ಲಿಲ್ಯಾ?" ಎಂದು ಬಾಗಿಲಲ್ಲಿ ನಿಂತು ಶರ್ಮಿಳಾ ಕೇಳಿದಳು.

"ತಾತ್ಕಾಲಿಕ ಅಂದ್ರೆ ಎಂತ ಗೊತ್ತುಂಟಾ? ಆಮೇಲೆ ಬಿಚ್ಚಬೇಕು."

ಅದು ತಾನಾಗಿಯೇ ಬಿಚ್ಚಿಕೊಂಡಿತು. ನೀರು ಮೊಣಕಾಲೆತ್ತರಕ್ಕೆ ಬಂದಾಗ ಒಂದು ಬದಿಯ ಕಲ್ಲುಗಳು ಹೊಟ್ಟೆ ಉಬ್ಬಿಸಿ ನಿಂತವು. ಭಾಸ್ಕರ ಓಡಿಹೋಗಿ ಬೆನ್ನು ಕೊಟ್ಟ. ಮರುಕ್ಷಣ ಅವನು, ಕಲ್ಲುಗಳು, ಟಾರ್ಪಾಲು ಎಲ್ಲವೂ ಬಾಗಿಲಿನತ್ತ ಹೊರಟವು. ತೆಂಗಿನಕಾಯಿಗಳು ಅವನನ್ನು ಹಿಂದಿಕ್ಕಿ ತೇಲುತ್ತ ಅಂಗಳ ದಾಟಿ ರಸ್ತೆ ಸೇರಿದವು. ಒಣಮೀನಿನ ಬುಟ್ಟಿ ತುಳಸಿಕಟ್ಟೆಯ ಬುಡದಲ್ಲಿ ನಿಂತಿತು.

ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕುತ್ತಿದ್ದ ಮಂಜಿ ಎದ್ದು ಬಂದು, ಕೆಸರಿನಲ್ಲಿ ಕುಳಿತಿದ್ದ ಮಗನನ್ನು ಒಮ್ಮೆ, ಬುಟ್ಟಿಯನ್ನು ಒಮ್ಮೆ ನೋಡಿದಳು. "ಒಣಗಿದ ಮೀನಿಗೂ ಈಜು ಕಲಿಸ್ದೆ," ಎಂದು ಹೇಳಿ ಒಳಗೆ ಹೋದಳು.

ಕಡೆಗೆ ಚಿಕ್ಕಪ್ಪ ದೇವಪ್ಪ ಬಂದು, ಸುತ್ತ ಮರದ ಹಲಗೆ ನಿಲ್ಲಿಸಿ, ದೋಣಿಯ ಹಗ್ಗದಿಂದ ಬಿಗಿದು ಕಟ್ಟಿಕೊಟ್ಟ. ಈ ಸಲ ನೀರು ನಿಂತಿತು. ಭಾಸ್ಕರ ತಾನೇ ಕಟ್ಟಿದಂತೆ ಅದರ ಫೋಟೋ ತೆಗೆದು ಮಾಲಿನಿಗೆ ಕಳಿಸಿದ.

ಮರುದಿನ ಬೆಳಿಗ್ಗೆ ಪಿಕಪ್ ಬಂತು. ಮಾಲಿನಿ ಡ್ರಮ್ಮುಗಳಿಂದ ಒಂದೊಂದೇ ಮೀನನ್ನು ಮಗುವಿನಂತೆ ಇಳಿಸಿ ಬಿಟ್ಟಳು. ಗಾಳಿ ಪಂಪು ಗುಳುಗುಳು ಎನ್ನತೊಡಗಿತು. ಎಲ್ಲಕ್ಕಿಂತ ದೊಡ್ಡದು ಬಿಳಿ ಮೈಯದು, ನೆತ್ತಿಯ ಮೇಲೆ ಕುಂಕುಮದಂಥ ಕೆಂಪು ಬೊಟ್ಟು. ಅದರ ಹೆಸರು ರಾಣಿ.

ಮಂಜಿ ಮುರ್ಡೇಶ್ವರದ ಪೇಟೆಯಲ್ಲಿ ನಲವತ್ತು ವರ್ಷ ಮೀನು ಮಾರಿದವಳು. ಸೊಂಟಕ್ಕೆ ಕೈಕೊಟ್ಟು ಬಗ್ಗಿ ನೋಡಿದಳು. "ಇದು ಎಂತ ಮೀನೇ ಮಾಲಿನಿ?"

"ಕೊಯ್, ಅಮ್ಮ."

"ಆಮೇಲೆ ಕೊಯ್ಲಕ್ಕು. ಮೊದ್ಲು ಹೆಸರು ಹೇಳು ಅಂದೆ."

"ಹೆಸರೇ ಕೊಯ್. ಇದನ್ನ ಕೊಯ್ಯುದಲ್ಲ, ಸಾಕುದು."

"ಸಾಕಿ?"

"ಸಾಕಿ... ನೋಡುದು."

ಇಷ್ಟು ದೊಡ್ಡ ಸುಳ್ಳನ್ನು ಮಂಜಿ ಪೇಟೆಯಲ್ಲೂ ಕೇಳಿರಲಿಲ್ಲ. ಆಮೇಲೆ ರಾಣಿಯ ಕಡೆ ಬೆರಳು ತೋರಿಸಿ, "ಇದು ದೊಡ್ಡ ಮನೆಯವ್ರಿಗೆ ಒಂದು ಹೊತ್ತಿಗೆ ಆತು," ಎಂದಳು. ನಲವತ್ತು ವರ್ಷದ ಅಭ್ಯಾಸ, ಅಷ್ಟೇ. ಆದರೆ ಮಾಲಿನಿಯ ಮುಖ ಬಿಳಿಚಿತು. ಹೊರಡುವಾಗ ಭಾಸ್ಕರನನ್ನು ಪಿಕಪ್ಪಿನ ಹಿಂದೆ ಕರೆದು, "ಭಾವ, ಅಮ್ಮ ಎಲ್ಲಾದ್ರೂ..." ಎಂದು ನಿಲ್ಲಿಸಿದಳು.

"ನಾ ಇದ್ದೆ ಅಲ್ದಾ?" ಎಂದ ಭಾಸ್ಕರ.

ಅವನು ನೀರಿನ ಮೇಲೆ ಅಪ್ಪನ ಹಳೆಯ ಬಲೆ ಹೊದೆಸಿದ, ಶೆಡ್ಡಿಗೆ ಬೀಗ ಹಾಕಿದ, ಕೀಲಿಕೈಯನ್ನು ಪ್ಯಾಂಟಿನ ಜೇಬಿಗೆ ಸೇರಿಸಿದ. ಸೌದೆ ಬೇಕಾದಾಗಲೆಲ್ಲ ಮಂಜಿ ಮಗನ ಹತ್ತಿರ ಕೀಲಿ ಕೇಳಬೇಕಾಯಿತು. ಅವಳು ಸೌದೆ ಆರಿಸುವಷ್ಟು ಹೊತ್ತೂ ಅವನು ಬಾಗಿಲಲ್ಲಿ ಸೆಂಟ್ರಿಯಂತೆ ನಿಲ್ಲುತ್ತಿದ್ದ.

ಶನಿವಾರ ಕಾಲೇಜು ಅರ್ಧ ದಿನ. ಮಧ್ಯಾಹ್ನ ಮನೆಗೆ ಬಂದವನೇ ಭಾಸ್ಕರ ಚಪ್ಪಲಿಯನ್ನೂ ಬಿಡದೆ ಶೆಡ್ಡಿಗೆ ಹೋದ. ಬೀಗ ಹಾಕಿದಂತೆಯೇ ಇತ್ತು. ಒಳಗೆ ಹೋದರೆ ಎಂದೂ ಇಲ್ಲದ ಬೆಳಕು. ಹಿಂಬದಿಯ ಜಿಂಕ್ ಶೀಟನ್ನು ಯಾರೋ ಕಿತ್ತು ಬಗ್ಗಿಸಿದ್ದರು. ಒಬ್ಬ ಮನುಷ್ಯ ತೂರುವಷ್ಟು ಜಾಗ. ಪಕ್ಕದಲ್ಲೇ ಅಡುಗೆಮನೆಯ ಕತ್ತಿ ಬಿದ್ದಿತ್ತು. ಬಲೆ ಸರಿದಿತ್ತು. ನೀರಿನಲ್ಲಿ ಕೆಂಪು ಮೀನಿತ್ತು, ಕಿತ್ತಳೆ ಮೀನಿತ್ತು. ರಾಣಿ ಇರಲಿಲ್ಲ. ನೆಲದ ಮೇಲೆ ನಾಲ್ಕಾರು ಬಿಳಿ ಹುರುಪೆ ಹೊಳೆಯುತ್ತಿದ್ದವು.

ಭಾಸ್ಕರ ಬಗ್ಗಿ ಒಂದು ಹುರುಪೆ ಎತ್ತಿಕೊಂಡ. ಅದೇ ಹೊತ್ತಿಗೆ ಅಡುಗೆಮನೆಯಿಂದ ಹುರಿದ ಕೊತ್ತಂಬರಿ, ಕಾಯಿ, ಹುಣಸೆಹುಳಿ ಸೇರಿದ ಘಮ ತೇಲಿ ಬಂತು.

ಒಳಗೆ ತಾಯಿ ಬಡಿಸಿಟ್ಟು ಕಾಯುತ್ತಿದ್ದಳು. ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ, ಕೆಂಪು ಸಾರು, ಸಾರಿನಲ್ಲಿ ಅಂಗೈ ಅಗಲದ ಎರಡು ತುಂಡು, ಬಿಳಿಯವು. ಶರ್ಮಿಳಾ ಆಗಲೇ ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದಳು.

"ಇದು... ಎಂತ ಮೀನು?" ಭಾಸ್ಕರನ ದನಿ ಅವನಿಗೇ ಕೇಳಲಿಲ್ಲ.

"ತಿಂದು ಹೇಳು," ಎಂದಳು ಮಂಜಿ. ಅವಳ ಮುಖದಲ್ಲಿ ಬಹಳ ದಿನದ ಮೇಲೆ ಒಂದು ನಗು ಇತ್ತು.

"ಸಮಾ ಆಯ್ದು ಮಾರಾಯ್ರೆ. ಬೆಣ್ಣೆ ಹಾಂಗೆ," ಎಂದು ಶರ್ಮಿಳಾ ಬೆರಳು ನೆಕ್ಕಿದಳು.

ಆಗ ಫೋನು ಬಡಿದುಕೊಂಡಿತು. ಮಾಲಿನಿ, ಅದೂ ವಿಡಿಯೋದಲ್ಲಿ. ಭಾಸ್ಕರ ಎದ್ದು ಶೆಡ್ಡಿಗೆ ಓಡಿದ.

"ಭಾವ, ಎಂತಕ್ಕೋ ಬೆಳಿಗ್ಗೆಯಿಂದ ಮನಸ್ಸಿಗೆ ಸಮಾಧಾನ ಇಲ್ಲ. ರಾಣಿಯನ್ನ ಒಂಚೂರು ತೋರ್ಸಿ."

ಅವನು ಫೋನನ್ನು ನೀರಿನ ಮೇಲೆ ಗಡಗಡ ನಡುಗಿಸಿದ. "ಕಾಣ್ತಾ? ಅಡಿಯಲ್ಲಿ ಉಂಟು. ಊಟ ಆಗಿ ಮಲಗಿದ್ದು."

"ಮಲಗಿದ್ದಾ? ಮೀನು ಮಲಗೂದು ಎಂತಕ್ಕೆ ಭಾವ?"

"ನೆಟ್‌ವರ್ಕ್ ಇಲ್ಲ," ಎಂದು ಭಾಸ್ಕರ ಕರೆ ಕತ್ತರಿಸಿದ.

ಒಳಗೆ ಬಂದು ತಟ್ಟೆಯ ಮುಂದೆ ನಿಂತ. ಕೂರಲಿಲ್ಲ. "ಅಮ್ಮ, ನೀ ಹೀಂಗೆ ಮಾಡ್ತೆ ಅಂದೇಳಿ ಎಣಿಸಿರಲಿಲ್ಲ. ಬೇರೆಯವರ ಮೀನು ಅದು. ಬೀಗ ಹಾಕಿದ್ರೆ ಶೀಟು ಕಿತ್ತು ತೆಗೆದ್ಯಲ್ಲ. ಮನೆಯಲ್ಲಿ ತಿನ್ನುಕೆ ಬೇರೆ ಎಂತದೂ ಇರ್ಲಿಲ್ವಾ?"

ಶರ್ಮಿಳಾಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವಳು ತಟ್ಟೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡಳು.

ಮಂಜಿ ಸೌಟು ಕೆಳಗಿಟ್ಟಳು. ಮುಖದ ನಗು ಎಲ್ಲಿ ಹೋಯಿತೋ. "ಬಾ," ಎಂದು ಹಿತ್ತಲಿಗೆ ನಡೆದಳು. ಬಾವಿಕಟ್ಟೆಯ ಪಕ್ಕದ ಬಟ್ಟೆ ನೆನೆಸುವ ತೊಟ್ಟಿಯ ಮೇಲೆ ಮೊರ ಬೋರಲು ಹಾಕಿ, ಮೊರದ ಮೇಲೆ ರುಬ್ಬುವ ಗುಂಡು ಇಟ್ಟಿದ್ದಳು. ಗುಂಡು ಇಳಿಸಿ ಮೊರ ಎತ್ತಿದಳು. ರಾಣಿ ತೊಟ್ಟಿಯ ನೀರಿನಲ್ಲಿ ಒಂದು ಸುತ್ತು ಬಂದು, ಬಾಯಿ ತೆರೆದು ಮುಚ್ಚಿ, ಭಾಸ್ಕರನನ್ನು ನೋಡಿತು.

"ಗಾಳಿ ಪಂಪಿನ ಪೈಪು ಹಾಕುಕೆ ನೀ ಬಲೆಯ ಮೂಲೆ ಬಿಟ್ಟಿದ್ದೆ. ಅಲ್ಲಿಂದ ಹಾರಿ ನೆಲಕ್ಕೆ ಬಿದ್ದಿತ್ತು. ಪಟಪಟ ಸದ್ದು ಕೇಳಿ ಕಿಂಡಿಯಲ್ಲಿ ನೋಡಿದೆ. ಶರ್ಮಿಳಾ ಪೇಟೆಗೆ ಹೋಗಿದ್ಲು. ಪಕ್ಕದ ಮನೆಯವ್ರ ಹತ್ರ ನಿಂಗೆ ಫೋನ್ ಮಾಡಿಸಿದೆ, ನೀ ತೆಗೀಲಿಲ್ಲ. ಕೀಲಿ ನಿನ್ನ ಜೇಬಲ್ಲಿ. ಮತ್ತೆ ಎಂತ ಮಾಡುದು, ಶೀಟು ಕಿತ್ತೆ. ಅಲ್ಲೇ ಬಿಟ್ರೆ ಮತ್ತೆ ಹಾರ್ತದೆ ಅಂತ ಇಲ್ಲಿ ತಂದು ಮುಚ್ಚಿಟ್ಟೆ."

ಅವಳ ಮುಂಗೈಯಿಂದ ಮೊಣಕೈವರೆಗೆ ಶೀಟು ಗೀರಿದ ಗಾಯವಿತ್ತು. ಅರಿಸಿನ ಮೆತ್ತಿದ್ದಳು. ಅವಳು ಬಡಿಸುವಾಗ ಅದು ಅವನ ಕಣ್ಣಿಗೆ ಬಿದ್ದಿರಲೇ ಇಲ್ಲ. ಜೇಬಿನಿಂದ ಫೋನು ತೆಗೆದು ನೋಡಿದ. ಮೀಟಿಂಗಿನಲ್ಲಿ ಸೈಲೆಂಟ್ ಇಟ್ಟಿದ್ದಾಗ ಪಕ್ಕದ ಮನೆಯವರ ಕರೆಗಳು ಸಾಲಾಗಿ ಬಂದು ಹೋಗಿದ್ದವು.

"ಇಷ್ಟು ವರ್ಷ ಮೀನು ಮಾರಿದೆ," ಎಂದಳು ಮಂಜಿ, ಅವನಿಗಲ್ಲ, ತೊಟ್ಟಿಗೆ. "ಎಲ್ಲ ಸತ್ತದ್ದು. ಕೈಯಲ್ಲಿ ಉಸಿರಾಡಿದ್ದು ಇದೊಂದೇ."

"ಮತ್ತೆ... ಸಾರಿನದು?"

"ಅಂಜಲ್. ದೇವಪ್ಪ ತಂದುಕೊಟ್ಟ. ನಿಂಗೆ ಇಷ್ಟ ಅಂತ ಮಾಡಿದ್ದೆ."

ಅಂದಿನಿಂದ ಮಂಜಿ ಮಗನ ಜತೆ ಮಾತು ಬಿಟ್ಟಳು. ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಅವಳ ಮಾತೆಲ್ಲ ಈಗ ಶೆಡ್ಡಿನಲ್ಲಿ. ಮಣೆ ಹಾಕಿ ಕುಳಿತು, ಮಾಲಿನಿ ಕೊಟ್ಟುಹೋದ ಕಾಳನ್ನು ಅಂಗೈಯಲ್ಲಿಟ್ಟು ನೀರಿಗೆ ಹಿಡಿದರೆ ಮೀನುಗಳು ಕೈಯಿಂದಲೇ ಎತ್ತಿಕೊಳ್ಳುತ್ತಿದ್ದವು. ಭಾಸ್ಕರ ಹೊರಗೆ ಕಿವಿಯಿಟ್ಟು ಕೇಳಿದ. ಅವನು ಸಣ್ಣವನಿದ್ದಾಗ ಹಾಸಿಗೆ ಒದ್ದೆ ಮಾಡುತ್ತಿದ್ದದ್ದನ್ನು ತಾಯಿ ರಾಣಿಗೆ ವಿವರವಾಗಿ ಹೇಳುತ್ತಿದ್ದಳು. ಇಷ್ಟು ಸಾಲದೆಂಬಂತೆ ಅವಳು ಇನ್ನೊಂದು ಆಜ್ಞೆ ಹೊರಡಿಸಿದಳು: ಈ ಮೀನುಗಳು ಹೋಗುವವರೆಗೆ ಮನೆಯಲ್ಲಿ ಮೀನು ಬೇಯಬಾರದು, ಅವಕ್ಕೆ ವಾಸನೆ ಗೊತ್ತಾಗ್ತದೆ. ಮೀನಿಲ್ಲದೆ ತುತ್ತು ಇಳಿಯದ ಭಾಸ್ಕರನ ಮುಂದೆ ದಿನವೂ ಬಸಳೆ ಸಾರು ಬಂದು ಕೂತಿತು.

ಕೊಳ ಸಿದ್ಧವಾದ ಮೇಲೆ ಮಾಲಿನಿ ಪಿಕಪ್ ತಂದಳು. ಭಾಸ್ಕರ ಶರ್ಟು ಇಸ್ತ್ರಿ ಮಾಡಿಸಿಕೊಂಡು ಹೊಗಳಿಕೆಗೆ ಸಿದ್ಧನಾಗಿ ನಿಂತ. ಆದರೆ ಅವನು ಬಾಯಿ ತೆರೆಯುವ ಮೊದಲೇ ಶರ್ಮಿಳಾ ತಂಗಿಗೆ ಆದದ್ದೆಲ್ಲ ಹೇಳಿ ಮುಗಿಸಿದಳು. ಮಲಗಿದ್ದ ಮೀನಿನ ವಿಷಯವನ್ನೂ ಬಿಡಲಿಲ್ಲ. ಮಾಲಿನಿ ಭಾವನ ಕಡೆ ಒಮ್ಮೆ ನೋಡಿದಳು. ಮಂಜಿಯ ಗೀರಿದ ಕೈ ಹಿಡಿದುಕೊಂಡು, "ಅಮ್ಮ, ನೀವೂ ನನ್ನ ಸಂಗ್ತಿಗೆ ಬನ್ನಿ. ಹೊಸ ನೀರಲ್ಲಿ ಇವು ಹೊಂದಿಕೊಳ್ಳುವ ತನಕ ಇರಿ," ಎಂದಳು.

ಮಂಜಿ ಒಳಗೆ ಹೋಗಿ ಎರಡು ಸೀರೆ, ಎಲೆಯಡಿಕೆ ಚೀಲ ಹಿಡಿದು ಬಂದು ಪಿಕಪ್ಪಿನ ಮುಂದಿನ ಸೀಟು ಹತ್ತಿದಳು. ಮಗನಿಗೆ ಬರುತ್ತೇನೆ ಎನ್ನಲಿಲ್ಲ. ಭಾಸ್ಕರ ರಸ್ತೆಯಲ್ಲಿ ನಿಂತೇ ಇದ್ದ.

ಮನೆ ಖಾಲಿ ಖಾಲಿಯಾಯಿತು. ಶರ್ಮಿಳಾ ಬಂಗಡೆ ಹುರಿದು ಬಡಿಸಿದಳು. ಅದೂ ಗಂಟಲಲ್ಲಿ ಇಳಿಯಲಿಲ್ಲ. ಕಡೆಗೊಂದು ಭಾನುವಾರ ಅವನು ಓಂ ಬೀಚಿಗೆ ಹೊರಟ. ತಾಯಿ ಕೊಳದ ಕಟ್ಟೆಯ ಮೇಲೆ, ಯಾವನೋ ವಿದೇಶಿ ಕೊಟ್ಟ ಅಗಲವಾದ ಟೊಪ್ಪಿ ಹಾಕಿಕೊಂಡು ಕುಳಿತಿದ್ದಳು. ಭಾಸ್ಕರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ತಪ್ಪಾತು ಅಮ್ಮ."

ಮಂಜಿ ಒಂದಷ್ಟು ಕಾಳು ನೀರಿಗೆ ಹಾಕಿದಳು. "ಕಳ್ಳಿ ಅಂದದ್ದು ಹೋಗ್ಲಿ. ಅವತ್ತು ನೀ ಸಾರು ಹಾಂಗೇ ಬಿಟ್ಟು ಎದ್ದೆ. ಒಂದು ತುತ್ತು ಮುಟ್ಟಲಿಲ್ಲ."

ಭಾಸ್ಕರನಿಗೆ ಉತ್ತರ ಹೊಳೆಯಲಿಲ್ಲ. ಅವನ ಆಯುಷ್ಯದಲ್ಲಿ ಇದು ಮೊದಲನೆಯ ಸಲ. ಅವನು ಸುಮ್ಮನಿದ್ದದ್ದು ನೋಡಿಯೇ ಇರಬೇಕು, ತಾಯಿ ಟೊಪ್ಪಿ ತೆಗೆದು, "ಆತು, ಹೋಪ," ಎಂದು ಎದ್ದಳು.

ಹೊರಡುವಾಗ ಮಾಲಿನಿ ಗೇಣುದ್ದದ ಒಂದು ಕಿತ್ತಳೆ ಮರಿಯನ್ನು ಮುಚ್ಚಳದ ಬಾಲ್ದಿಯಲ್ಲಿ ಹಾಕಿ ಮಂಜಿಗೆ ಉಡುಗೊರೆ ಕೊಟ್ಟಳು. ಪಿಕಪ್ಪು ಅವರನ್ನು ಕುಮಟಾ ಬಸ್‌ಸ್ಟ್ಯಾಂಡಿನಲ್ಲಿಳಿಸಿ ಗೆಸ್ಟುಗಳನ್ನು ಕರೆತರಲು ಸ್ಟೇಷನ್ನಿಗೆ ಹೋಯಿತು. ಭಟ್ಕಳದ ಬಸ್ಸಿನಲ್ಲಿ ಮಂಜಿ ಕಿಟಕಿಯ ಪಕ್ಕ ಕುಳಿತಳು. ಬಾಲ್ದಿ ಭಾಸ್ಕರನ ತೊಡೆಯ ಮೇಲೆ. ಪ್ರತಿ ಹೊಂಡಕ್ಕೂ ಮುಚ್ಚಳದ ಸಂದಿಯಿಂದ ನೀರು ಚಿಮ್ಮಿ ಅವನ ಪ್ಯಾಂಟು ಸೇರುತ್ತಿತ್ತು. ಎದುರಿನ ಸೀಟಿನ ಹೆಂಗಸು ಆ ಒದ್ದೆಯನ್ನು ನೋಡಿ ಮಗುವನ್ನು ತನ್ನತ್ತ ಎಳೆದುಕೊಂಡಳು.

ಹೊನ್ನಾವರ ದಾಟುವಾಗ ಕಂಡಕ್ಟರು ಬಂದು ಬಾಲ್ದಿಯ ಮುಚ್ಚಳ ಎತ್ತಿದ. "ಅಮ್ಮ, ಬಸ್ಸಲ್ಲಿ ಮೀನು ತರುವ ಹಾಂಗಿಲ್ಲ. ಗೊತ್ತಿಲ್ವಾ?"

"ಮಾರುವ ಮೀನಲ್ಲ ಅದು," ಎಂದಳು ಮಂಜಿ. "ಮನೆಯದು."

ಕಂಡಕ್ಟರು ಬಾಲ್ದಿಯೊಳಗೆ ನೋಡಿದ. ಮರಿ ಬಾಯಿ ತೆರೆದು ಮುಚ್ಚಿತು. ಅವನು ತಲೆ ಕೆರೆದುಕೊಂಡು, ತೊಡೆವರೆಗೆ ಒದ್ದೆಯಾಗಿ ಕುಳಿತಿದ್ದ ಭಾಸ್ಕರನ ಕಡೆ ಗದ್ದದಲ್ಲೇ ತೋರಿಸಿ, "ಮತ್ತೆ ಇವರು ಯಾರು?" ಎಂದು ಕೇಳಿದ.

ಮಂಜಿ ಕಿಟಕಿಯಿಂದ ಮುಖ ತಿರುಗಿಸಿ ಮಗನನ್ನು ಒಮ್ಮೆ ಪೂರ್ತಿ ನೋಡಿದಳು.

"ಇವನಾ? ಬಾಲ್ದಿ ಹಿಡ್ಕಂಬುಕೆ ಬಂದವ."