ಕೆನ್ನೆ ಕರಗಿಸುವ ಕಡ್ಡಿ

ಬ್ಯೂಟಿ ಪಾರ್ಲರ್ ಇಟ್ಟವರು ತಮಾಷೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಬಾಗಿಲು ತೆಗೆದು ಕೂತರೆ ಸಾಕು. ಆದರೆ ಆ ಹೊತ್ತಿಗೆ ನಗು ಬರುವುದಿಲ್ಲ, ತಲೆ ಕೆಡುತ್ತದೆ.

ನನ್ನ ಪಾರ್ಲರ್ ಮಳವಳ್ಳಿ ಬಸ್ ಸ್ಟ್ಯಾಂಡ್ ಹತ್ತಿರ, ಮಹಡಿ ಮೇಲೆ. ಎದುರಿಗೇ ಏಸಿ ಹಾಕಿದ ಹೊಸ ಪಾರ್ಲರ್ ಬಂದು, ಮದುವೆ ಹೆಣ್ಣುಗಳೆಲ್ಲ ಆ ಕಡೆ ಹೊರಟುಬಿಟ್ಟರು. ಹೊಟ್ಟೆ ಉರಿದು ನಾನೂ ಮೊಬೈಲ್ ನೋಡಿ ಕಾಂಟೂರಿಂಗ್ ಕಲಿತೆ. ಮುಖದ ಬಣ್ಣಕ್ಕಿಂತ ಸ್ವಲ್ಪ ಕಪ್ಪಿರುವ ಕ್ರೀಮನ್ನು ಕೆನ್ನೆಯ ಕೆಳಗೆ, ಮೂಗಿನ ಪಕ್ಕ, ಗದ್ದದ ಅಂಚಿಗೆ ಎಳೆದು ಒದ್ದೆ ಸ್ಪಂಜಿನಲ್ಲಿ ತಟ್ಟಿ ಬೆರೆಸಿದರೆ ದುಂಡು ಮುಖವೂ ಕೋಲುಮುಖವಾಗಿ ಕಾಣುತ್ತದೆ. ಅದಕ್ಕೆಂದೇ ಬರುವ ದುಬಾರಿ ಡಬ್ಬಿ ತರುವ ತಾಕತ್ತು ನನಗಿರಲಿಲ್ಲ. ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ಅಗ್ಗದ ಫೌಂಡೇಶನ್ ಸ್ಟಿಕ್ಕನ್ನೇ ಕಪ್ಪು ಶೇಡಿನದು ತಂದೆ. ಬಂದವರೆಲ್ಲ ಅದನ್ನು ಕಡ್ಡಿ ಅನ್ನುತ್ತಿದ್ದರು.

ಯಾವ ಯಾಪಾರ

ಮೊದಲು ಸಿಕ್ಕವಳು ಹಲಗೂರು ಕಡೆಯ ಮದುಮಗಳು. ತುಂಬು ಕೆನ್ನೆಯ ಹುಡುಗಿ. ಆ ಕೆನ್ನೆಯದೇ ಅವಳಿಗೆ ಚಿಂತೆ. ರಿಸೆಪ್ಶನ್ ದಿನ ಹೇಗೆ ಕಾಣುತ್ತೇನೋ ನೋಡೋಣ ಅಂತ ಅಪ್ಪನನ್ನು ಕರೆದುಕೊಂಡು ಟ್ರಯಲ್‌ಗೆ ಬಂದಿದ್ದಳು. ಅಪ್ಪ ಬಂಡೂರು ಕುರಿ ಸಾಕುವವರು. ಬೆಂಚಿನ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.

ಕಡ್ಡಿ ತೆಗೆದು ಗೆರೆ ಎಳೆದೆನೋ ಇಲ್ಲವೋ, ಎದ್ದು ಬಂದರು. "ಏನಮ್ಮ, ಬೆಳ್ಳಗ್ ಮಾಡ್ತೀಯ ಅಂತ ಕರ್ಕಬಂದ್ರೆ ಕಪ್ಪು ಬಳೀತಿದ್ದೀಯಲ್ಲ?"

"ನೆರಳು ಬಿದ್ದಂಗೆ ಕಂಡು ಕೆನ್ನೆ ಸಣ್ಣಗಾಗುತ್ತೆ ಅಣ್ಣ," ಅಂದೆ.

ಅವರು ಬಗ್ಗಿ ಮಗಳ ಎರಡೂ ಕೆನ್ನೆ ನೋಡಿದರು. "ಕುರಿ ನೋಡಕ್ ಬಂದಾಗ ಮೈ ತುಂಬ್ಕಂಡ್ ಕಾಣ್ಲಿ ಅಂತ ನಾವು ತೊಳ್ದು ಬಾಚಿ ನಿಲ್ಲುಸ್ತೀವಿ. ನೀನು ಇರೋದ್ನೂ ಕಾಣ್ದಂಗ್ ಮಾಡ್ತೀಯ. ಇದ್ಯಾವ ಯಾಪಾರ ಕಣಮ್ಮ?"

ಮಗಳು ಕನ್ನಡಿಯಲ್ಲೇ ಅಪ್ಪನನ್ನು ದುರುಗುಟ್ಟಿದಳು. ನನಗೆ ಮಾತ್ರ ಅವರು ಹೇಳಿದ್ದೇ ಸರಿಯೇನೋ ಅನ್ನಿಸಿ ಕಡ್ಡಿ ಹಿಡಿದ ಕೈ ಅಲ್ಲೇ ನಿಂತಿತು.

ಸೀಟು

ಹಣೆ, ಮೂಗು, ಕೆನ್ನೆಗೆಲ್ಲ ಗೆರೆ ಎಳೆದು ಮುಗಿಸಿ ಸ್ಪಂಜು ಒದ್ದೆ ಮಾಡಲು ಒಳಗೆ ಹೋಗಿದ್ದೆ. ಅಷ್ಟರಲ್ಲಿ ಕೆಳಗೆ ಹಲಗೂರು ಬಸ್ಸು ಬಂತು. "ಇದ್ ಬುಟ್ರೆ ಇನ್ ಕತ್ತಲಾಯ್ತದೆ," ಅಂತ ಅಪ್ಪ ಮಗಳ ಕೈ ಹಿಡಿದು ದರದರ ಎಳೆದುಕೊಂಡು ಇಳಿದೇಬಿಟ್ಟರು. ಸ್ಪಂಜು ಹಿಡಿದು ಬರುವಷ್ಟರಲ್ಲಿ ಕುರ್ಚಿ ಖಾಲಿ. ಗೆರೆಗೆರೆ ಮುಖದಲ್ಲಿ ಮದುಮಗಳನ್ನು ಊರಿಗೆ ಕಳಿಸಿದೆನಲ್ಲ, ಇನ್ನು ಅವಳು ಬಂದ ಹಾಗೇ ಅಂತ ತಲೆ ಮೇಲೆ ಕೈ ಹೊತ್ತು ಕೂತೆ.

ಸಂಜೆ ಅವಳದೇ ಫೋನು. ಹೆಂಗಸರಿಗೆ ಟಿಕೆಟ್ ಇಲ್ಲವೆಂದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೆ ಇವಳು ಹತ್ತುತ್ತಲೇ ಜನ ಸರಿದು ದಾರಿ ಬಿಟ್ಟರಂತೆ. ಮೈಮೇಲೆ ದೇವರು ಬಂದಿದೆ ಅಂದುಕೊಂಡು ಒಬ್ಬ ಹೆಂಗಸು ಸೀಟು ಬಿಟ್ಟು ಕೈಮುಗಿದು, "ತಾಯಿ, ನನ್ ಮಗಂಗೆ ಎಣ್ಣು ಯಾವಾಗ ಸಿಕ್ತದೆ?" ಅಂದರಂತೆ. ಇವಳಿಗೆ ತಲೆಬುಡ ತಿಳಿಯದೆ, ತನ್ನ ಮದುವೆ ವಿಷಯವೇ ಇರಬೇಕು ಅಂತ, "ಮುಂದಿನ್ ತಿಂಗಳು," ಅಂದಳಂತೆ.

"ಅಪ್ಪ ಏನೂ ಹೇಳಲಿಲ್ವಾ?" ಅಂದೆ.

"ಅಪ್ಪಂಗೂ ಸೀಟು ಕೊಟ್ರಲ್ಲಕ್ಕ. ಇನ್ನೊಂದ್ ಟ್ರಯಲ್‌ಗೆ ಬತ್ತೀನಿ, ಆಗ್ಲೂ ಗೆರೆ ಎಳ್ದು ಅಂಗೇ ಕಳ್ಸ್ಬುಡಿ."

ಫ್ಲೆಕ್ಸಿನ ಹುಡುಗಿ

ಮುಹೂರ್ತದ ಹಿಂದಿನ ರಾತ್ರಿ ರಿಸೆಪ್ಶನ್, ಮಳವಳ್ಳಿಯ ಛತ್ರದಲ್ಲಿ. ಗಂಡು ಮದ್ದೂರಿನವರು. ನಾನು ಜೀವ ತೇಯ್ದು ಕಾಂಟೂರ್ ಮಾಡಿದ್ದೆ. ಕೆನ್ನೆ ಎಲ್ಲಿ ಹೋಯಿತು ಅಂತ ನನಗೇ ಗೊತ್ತಾಗುತ್ತಿರಲಿಲ್ಲ.

ಗಂಡಿನ ಅಜ್ಜಿ ಬಾಗಿಲ ಫ್ಲೆಕ್ಸಿನಲ್ಲಿದ್ದ ದುಂಡುಮುಖದ ಹುಡುಗಿಯನ್ನು ನೋಡಿ ಒಳಗೆ ಬಂದು ಸ್ಟೇಜು ನೋಡಿದರು. ಮತ್ತೆ ಹೊರಗೆ ಹೋಗಿ ಫ್ಲೆಕ್ಸು ನೋಡಿದರು. ಆಮೇಲೆ ಸ್ಟೇಜಿನ ಮುಂದೆ ನಿಂತು, "ನಾವ್ ಒಪ್ಪಿದ್ ಉಡ್ಗಿ ಇವ್ಳಲ್ಲ," ಅಂದುಬಿಟ್ಟರು.

ವಾಲಗ ನಿಂತಿತು. ಅಕ್ಕನನ್ನು ತೋರಿಸಿ ತಂಗಿಯನ್ನು ಕೊಡುತ್ತಿದ್ದಾರೆ ಅಂತ ಗುಸುಗುಸು ಶುರುವಾಯಿತು. ಅವಳಿಗೆ ತಂಗಿಯೇ ಇಲ್ಲ. ಹುಡುಗಿಯ ಅಪ್ಪನ ಮುಖ ಬಿಳಿಚಿಕೊಂಡಿತು. ಮದುವೆ ನಿಂತರೆ ಆ ಹುಡುಗಿಯ ಗತಿಯೇನು ಅಂತ ನನಗೆ ದಿಗಿಲಾಯಿತು. ಈ ಸೀಮೆಯಲ್ಲಿ ಇನ್ನು ಯಾರೂ ನನ್ನ ಕೈಗೆ ಮುಖ ಕೊಡುವುದಿಲ್ಲ ಅನ್ನುವ ಭಯ ಬೇರೆ.

"ಅಜ್ಜಿ, ಒಳಗೆ ಬನ್ನಿ. ನಿಮ್ಮೆದುರಿಗೇ ತೊಳೀತೀನಿ," ಅಂದೆ.

ಹೆಣ್ಣಿನ ರೂಮಿನಲ್ಲಿ ಕೊಬ್ಬರಿಎಣ್ಣೆ ಹಚ್ಚಿ ಒರೆಸಿ ಸೋಪು ಹಾಕಿದೆ. ಕೆನ್ನೆಗಳು ಒಂದೊಂದಾಗಿ ವಾಪಸ್ ಬಂದವು. ಅಜ್ಜಿ ಹಿಂಡಿ ನೋಡಿ, "ಊಂ, ಇವ್ಳೇ," ಅಂದರು.

ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಮದುಮಗಳು ಬಾಯಿಬಿಟ್ಟಳು. "ಅಂಗಾದ್ರೆ ಅವ್ರ ಮಕಾನೂ ತೊಳ್ಸಿ ಅಜ್ಜಿ. ನನ್ನ ನೋಡಕ್ ಬಂದಾಗ ಅವ್ರೂ ಇಂಗಿರ್ಲಿಲ್ಲ."

ಅವಳು ಹೇಳಿದ್ದು ನಿಜ. ಗಂಡಿಗೂ ನಾನೇ ಅದೇ ಕಡ್ಡಿಯಲ್ಲಿ ಜೋಡಿಗದ್ದ ಮುಚ್ಚಿದ್ದೆ, ಗೆಳೆಯರು ಕಾಡಿದರು ಅಂತ. ಕರೆಸಿ ಕೂರಿಸಿ ತೊಳೆದೆ. ಎರಡನೆಯ ಗದ್ದ ಮೆಲ್ಲಗೆ ಇಳಿದು ಬಂತು. ಹುಡುಗಿಯ ಅಪ್ಪ ಬಗ್ಗಿ ನೋಡಿ, "ಇವ್ರೇ ಕಣವ್ವ, ಅನುಮಾನ ಇಲ್ಲ," ಅಂದರು.

ಒದ್ದೆ ಮುಖದ ಜೋಡಿಯನ್ನು ಅಜ್ಜಿ ನೋಡುತ್ತಲೇ ನಿಂತರು.

"ಸರಿ ಬುಡು, ಮದ್ವೆ ನಡೀಲಿ. ಈ ಮಕಾನ ನಾವು ಮನೇಲಿ ದಿನಾ ನೋಡ್ತೀವಿ, ಇವತ್ತು ಆ ಕಡ್ಡಿ ಎಳ್ದು ಇಬ್ರನ್ನೂವೆ ಆಗ್ಲೇ ಇದ್ದಂಗೇ ಮಾಡವ್ವ," ಅಂದರು. ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ನನ್ನ ಮುಂದಿನ ಕುರ್ಚಿಯಲ್ಲಿ ತಾವೇ ಕೂತರು.

"ಮೊದ್ಲು ನಂಗ್ ಎಳಿ."