ದೇವರ ರೊಟ್ಟಿಗೆ ಐದು ತೂತು

ಸಿದಾರೂಸನ ಸೊಂಟ ಹಿಡಿದುಕೊಂಡದ್ದೇ ಎಲ್ಲಕ್ಕೂ ಮೂಲ. ಮರುಭೂಮಿಯಂಚಿನ ಮಿನ್ಯಾ ಪೇಟೆಯ ಚರ್ಚಿನ ಹಿಂದಿನ ಒಲೆಮನೆಯಲ್ಲಿ ಪೂಜೆಯ ರೊಟ್ಟಿ ಸುಡುತ್ತಲೇ ಮುದುಕನಾದವನು, ಆ ಭಾನುವಾರ ನಸುಕಿನಲ್ಲಿ ಹಿಟ್ಟಿನ ಮೂಟೆಗೆ ಬಾಗಿದವನು ಮೇಲೇಳಲಿಲ್ಲ. ಅವನನ್ನು ಹಾಗೇ ಎತ್ತಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಮಲಗಿಸಿದರು.

ಪಾದ್ರಿ ಫಲ್ತಾಊಸರು ಪೂಜೆಗೆ ಸಹಾಯ ಮಾಡುವ ಹುಡುಗರಲ್ಲಿ ಕೈಗೆ ಸಿಕ್ಕ ವನೀಸನನ್ನು ಹಿಡಿದರು. "ಇವತ್ತು ರೊಟ್ಟಿ ನಿಂದು."

"ಅಬೂನಾ, ನಮ್ಮಪ್ಪಾ, ಇವತ್ತು ಮಾತ್ರ ಬೇಡ!"

ವನೀಸ ಗೋಗರೆಯಲು ಕಾರಣವಿತ್ತು. ಮರುಭೂಮಿಯ ಮಠದ ಹಿರಿಯರು ಆ ದಿನ ಪೂಜೆಗೆ ಬರುವವರಿದ್ದರು. ಸನ್ಯಾಸಕ್ಕೆ ಒಬ್ಬ ಹುಡುಗನನ್ನು ಆರಿಸಿ ಕರೆದೊಯ್ಯುತ್ತಾರೆಂದು ಸುದ್ದಿ. ದೇವರ ಕೆಲಸವೆಲ್ಲ ಮರುಭೂಮಿಯಲ್ಲೇ ಇದೆ, ಈ ಗಲ್ಲಿಯಲ್ಲಿ ಇರುವುದು ಧೂಳು ಮಾತ್ರ ಎಂದು ನಂಬಿದ್ದ ವನೀಸ, ವೇದಿಕೆಯಲ್ಲಿ ಅವರ ಪಕ್ಕವೇ ನಿಲ್ಲಲು ಬಿಳಿ ನಿಲುವಂಗಿ ತೊಟ್ಟು ಬಂದಿದ್ದ.

"ರೊಟ್ಟಿ ಇಲ್ದೆ ಅವರು ಏನಿಟ್ಟು ಪೂಜೆ ಮಾಡ್ಬೇಕು? ನಿನ್ನ ಮೂತೀನಾ?" ಎಂದು ಪಾದ್ರಿ ಹೊರಟೇಬಿಟ್ಟರು.

ಒಲೆಮನೆ ಕಾದಿತ್ತು. ಹಿಟ್ಟು ನೀರಾಯಿತು. ಮೇಲಿನ ಕಿಟಕಿಯಿಂದ ನೆರೆಮನೆಯ ಉಮ್ ಬಹೀಗಾ, "ಹಿಟ್ಟು ಹಾಕೋ!" ಎಂದಳು. ಬೆಂಚಿನಿಂದ ಸಿದಾರೂಸ, "ಅವಳ ಮಾತು ಕೇಳ್ಬೇಡ, ನಾದು!" ಎಂದ. ಎರಡನ್ನೂ ಮಾಡಿದ್ದಕ್ಕೆ ಕಣಕ ಬಸುರಿ ಎಮ್ಮೆಯಂತೆ ಊದಿಕೊಂಡಿತು.

ಆ ಹೊತ್ತಿಗೆ ಅಂಗಳದಲ್ಲಿ ಹಿರಿಯರ ಗಾಡಿ ನಿಂತ ಸದ್ದು. ರೊಟ್ಟಿ ಸುಡುವವನು ಕೀರ್ತನೆ ಹೇಳಿಕೊಳ್ಳುವುದು ಪದ್ಧತಿ. ವನೀಸನಿಗೆ ಉಪಾಯ ಹೊಳೆಯಿತು. ಗೋಡೆಯಾಚೆ ಕೇಳಿಸುವಂತೆ, ಕಣ್ಣು ಮುಚ್ಚಿ, ಗಂಟಲು ಹರಿಯುವ ಹಾಗೆ ಹಾಡತೊಡಗಿದ. ಹಾಡುತ್ತಲೇ ಶಿಲುಬೆಯ ಅಚ್ಚೊತ್ತಿದ. ಹಾಡುತ್ತಲೇ ಒಲೆಗೆ ತಳ್ಳಿದ.

"ತೂತು ಹಾಕಿದ್ಯೇನೋ?" ಎಂದ ಸಿದಾರೂಸ.

ಶಿಲುಬೆಯ ಐದು ಗಾಯಗಳ ಗುರುತಿಗೆ, ಒಳಗಿನ ಗಾಳಿ ಹೋಗುವುದಕ್ಕೂ, ಅಚ್ಚಿನ ಸುತ್ತ ಐದು ತೂತು. ಅದೊಂದು ಮರೆತಿತ್ತು. ರೊಟ್ಟಿಗಳು ಕಪ್ಪೆಗಳಂತೆ ಉಬ್ಬಿ, ಬಿರಿದು, ಶಿಲುಬೆಗಳೆಲ್ಲ ಸೊಟ್ಟಗಾಗಿ ಹೊರಬಂದವು.

"ಥೇಟ್ ನನ್ ಗಂಡ ಕಣೋ," ಎಂದಳು ಉಮ್ ಬಹೀಗಾ. "ಹೊರಗೆ ಅಷ್ಟಗಲ, ಒಳಗೆ ಬರೀ ಗಾಳಿ."

"ದೇವರೇನು ಕಿವುಡನಲ್ಲ," ಎಂದು ಗದರಿದ ಸಿದಾರೂಸ. "ಅರಚೋದು ಬಿಟ್ಟು ಕೈ ಕಡೆ ನೋಡು. ಉಳಿದಿರೋ ಹಿಟ್ಟು ಇಷ್ಟೇ."

ಅದೂ ಕೆಟ್ಟರೆ ಇಡೀ ಪೇಟೆಗೆ ಪೂಜೆಯಿಲ್ಲ. ಮಠಕ್ಕೆ ಹೋಗುವ ಆಸೆಗೂ ಅಲ್ಲಿಗೇ ಮಣ್ಣು. ವನೀಸ ತೋಳು ಮಡಚಿದ. ಕಣಕ ಅಂಗೈಗೆ ಅಂಟದಷ್ಟು ಹದ ಬರುವವರೆಗೆ ನಾದಿದ. ಕೀರ್ತನೆ ತುಟಿಯಲ್ಲೇ ಉಳಿಯಿತು. ಒಂದೊಂದು ತೂತನ್ನೂ ಮಗುವಿಗೆ ಕಿವಿ ಚುಚ್ಚುವ ಹಾಗೆ ನೋಡಿ ಚುಚ್ಚಿದ. ಯಾವಾಗಲೋ ಹಿರಿಯರು ನೆನಪಿನಿಂದ ಜಾರಿಹೋಗಿದ್ದರು. ಉಮ್ ಬಹೀಗಾ ಕಿಟಕಿಯಿಂದ ಅರ್ಧ ಹೊರಬಾಗಿ ನೋಡುತ್ತಿದ್ದಳು.

ಪೂಜೆಯಲ್ಲಿ ಹಿರಿಯರು ಬುಟ್ಟಿಯ ರೊಟ್ಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಕುಂದಿಲ್ಲದ್ದನ್ನು ಆರಿಸುವುದು ವಾಡಿಕೆ. ಯಾವುದನ್ನು ಬಿಡುವುದೆಂದು ತಿಳಿಯದೆ ತಡಮಾಡಿದರು.

ಪೂಜೆ ಮುಗಿದ ಮೇಲೆ ನೇರ ಒಲೆಮನೆಗೇ ಬಂದರು. "ಸುಟ್ಟವನು ನೀನಾ? ನಡಿ ಮಗು, ಗಾಡಿ ಹತ್ತು."

ಊರೆಲ್ಲ ಬಾಗಿಲಲ್ಲಿ ನೆರೆದಿತ್ತು. ವನೀಸನ ಕಣ್ಣು ತುಂಬಿತು.

"ನಾನು ಬರಲ್ಲ ಅಪ್ಪಾ. ದೇವರು ಮರುಭೂಮೀಲಿ ಮಾತ್ರ ಇದಾನೆ ಅಂದ್ಕೊಂಡಿದ್ದೆ. ಇವತ್ತು ಇಲ್ಲೇ ಸಿಕ್ಕ. ಜೀವ ಇರೋವರೆಗೂ ನಂಗೆ ಈ ಒಲೆ ಸಾಕು."

ಹಿರಿಯರು ಅವನ ತಲೆ ಮುಟ್ಟಿ ಹರಸಿದರು. ಬಿಳಿ ನಿಲುವಂಗಿಯಲ್ಲಿ ನಿಂತಿದ್ದ ಬೇರೊಬ್ಬನನ್ನು ಹತ್ತಿಸಿಕೊಂಡು ಹೊರಟರು.

ಗಾಡಿ ತಿರುವು ದಾಟಿತೋ ಇಲ್ಲವೋ, ಬೆಳಗಿನಿಂದ ಕದಲದ ಸಿದಾರೂಸನ ಸೊಂಟ ಒಂದೇ ನೆಗೆತಕ್ಕೆ ನೆಟ್ಟಗಾಯಿತು.

"ಯಾವ ಒಲೆಯೋ? ಯಾರ ಒಲೆ? ನಾನಿನ್ನೂ ಸತ್ತಿಲ್ಲ!"

"ಮಾವ, ಹುಷಾರಾದ್ರಾ?"

"ನೀನು ಆಡಿದ ಮಾತಿಗೆ ಹೆಣಾನೂ ಎದ್ದು ಕೂರುತ್ತೆ. ತೆಗಿ ಕೈ!"

ವನೀಸ ಪಾದ್ರಿಯ ಮುಖ ನೋಡಿದ. ಪಾದ್ರಿ ಆಕಾಶ ನೋಡಿದರು.

"ಹಂಗಾದ್ರೆ ನನ್ನ ಕೆಲಸ?"

ಸಿದಾರೂಸ ಕಣಕ ಒಣಗಿ ಕಲ್ಲಾಗಿದ್ದ ತೊಟ್ಟಿಯನ್ನು ಕಾಲಿನಿಂದ ಅವನತ್ತ ದೂಡಿದ. "ಇದನ್ನ ಉಜ್ಜು. ಒಲೆಯ ಬೂದಿ ಬಳಿದು ಹಾಕು. ಆಮೇಲೆ ಅಂಗಳ."

ಜನ ನಗುತ್ತ ಚದುರಿದರು. ವನೀಸ ತೊಟ್ಟಿಯ ಮುಂದೆ ಕುಕ್ಕರಿಸಿದ. ನಿಲುವಂಗಿಯ ತೋಳು ಮೇಲೇರಿಸಿದ. ಆಮೇಲೆ ಉಜ್ಜುವ ಸದ್ದಿನ ಜೊತೆ ಮೆಲ್ಲಗೆ ಕೀರ್ತನೆಯೂ ಕೇಳಿಸಿತು.

"ಮೂಲೆ ಉಜ್ಜೋ, ಮೂಲೆ!" ಎಂದು ಕಿಟಕಿಯಿಂದ ಕೂಗಿದಳು ಉಮ್ ಬಹೀಗಾ.